ಬೆಳ್ಳಿಯ ಮೇಲೆ ಬೆಳಗದ ತಂತಿ

ಸೋಮವಾರ ಬೆಳಿಗ್ಗೆ ಡಬ್ಬಿಯ ಮುಚ್ಚಳ ತೆಗೆದಾಗ, ಶನಿವಾರ ನಾನೇ ಇಟ್ಟು ಹೋಗಿದ್ದ ಬೆಳ್ಳಿಯ ಸ್ಲೈಡುಗಳಲ್ಲಿ ಒಂದೂ ಬೆಳ್ಳಿಯಾಗಿ ಉಳಿದಿರಲಿಲ್ಲ. ಅಂಚಿನಲ್ಲಿ ಹಳದಿ, ನಡುವೆ ಕಂದು, ಒಂದೆರಡರ ಮೂಲೆಯಲ್ಲಿ ಪಾರಿವಾಳದ ಕತ್ತಿನ ನೀಲಿ. ಗಾಜಿನ ಮೇಲೆ ಕನ್ನಡಿಯಂತೆ ಹೊಳೆಯುತ್ತಿದ್ದ ಪದರ ಹಳೆಯ ಪಾತ್ರೆಯ ತಳದಂತಾಗಿತ್ತು. ಹೀಗಾದದ್ದು ಅದೇ ಮೊದಲಲ್ಲ. ಆ ಮಳೆಗಾಲವಿಡೀ ನಾನು ಮಾಡಿದ್ದು ಇಷ್ಟೇ: ಬೆಳ್ಳಿ ಲೇಪಿಸುವುದು, ಅದು ಕಪ್ಪಾಗುವುದನ್ನು ನೋಡುವುದು, ಸ್ಲೈಡು ತೊಳೆದು ಮತ್ತೆ ಲೇಪಿಸುವುದು.

ನಾನು ಆಗ ತಿಪಟೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಮೊಬೈಲ್ ಫೋನು ಇನ್ನೂ ಎಲ್ಲರ ಜೇಬಿಗೆ ಇಳಿಯದಿದ್ದ ಕಾಲ. ಕಾಲೇಜಿನ ಹಿಂಬದಿಯಲ್ಲಿ ಮುರಿದ ಬೆಂಚುಗಳನ್ನು ಪೇರಿಸಿಡುತ್ತಿದ್ದ ಒಂದು ಕೋಣೆಯನ್ನು ಕೇಳಿ ಪಡೆದು, ಅಲ್ಲೊಂದು ಹಳೆಯ ಲೇಪನ ಯಂತ್ರ ಇಟ್ಟುಕೊಂಡಿದ್ದೆವು. ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದಕ್ಕೆ ಹೊಸ ಯಂತ್ರ ಬಂದಾಗ ಮೂಲೆಗೆ ಬಿದ್ದಿದ್ದ ಅದನ್ನು ನಮ್ಮ ಮಾರ್ಗದರ್ಶಕರಾದ ಪ್ರೊಫೆಸರು ಲಾರಿಗೆ ಹಾಕಿಸಿ ಕಳಿಸಿಕೊಟ್ಟಿದ್ದರು. ನಾವು ಎಂದರೆ ಇಬ್ಬರು. ನಾನು, ಮತ್ತು ಅದೇ ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು. ಇಬ್ಬರೂ ಅದೇ ಪ್ರೊಫೆಸರರ ಕೆಳಗೆ ಪಿಎಚ್.ಡಿ.ಗೆ ಹೆಸರು ಬರೆಸಿದ್ದೆವು. ಪಾಠ ಮುಗಿದ ಮೇಲೆ ಆ ಕೋಣೆ, ರಜೆ ಸಿಕ್ಕಾಗ ಬೆಂಗಳೂರಿನ ರೈಲು.

ನಮ್ಮ ಕೆಲಸವನ್ನು ಸರಳವಾಗಿ ಹೇಳಿಬಿಡುತ್ತೇನೆ. ಸತುವಿನ ಆಕ್ಸೈಡಿನಿಂದ ತಲೆಗೂದಲಿಗಿಂತ ನೂರಾರು ಪಟ್ಟು ಸಣ್ಣ ತಂತಿಗಳನ್ನು ಬೆಳೆಸಬಹುದು. ನ್ಯಾನೋತಂತಿ ಎಂದು ಅದಕ್ಕೆ ಹೆಸರು. ಅಂಥ ಒಂದು ತಂತಿಯ ಮೇಲೆ ಅತಿನೇರಳೆ ಬೆಳಕಿನ ಪೆಟ್ಟು ಕೊಟ್ಟರೆ ತಂತಿ ತಾನೂ ಬೆಳಗುತ್ತದೆ. ಪೆಟ್ಟು ಜೋರಾದಂತೆ ಒಳಗಿನ ಬೆಳಕು ತಂತಿಯ ಎರಡು ತುದಿಗಳ ನಡುವೆ ಹೋಗಿ ಬಂದು ಬಲಿತು, ಒಂದು ಹಂತದಲ್ಲಿ ಥಟ್ಟನೆ ಲೇಸರ್ ಆಗುತ್ತದೆ. ಆ ಹಂತಕ್ಕೆ ನಾವು ಹೊಸ್ತಿಲು ಎನ್ನುತ್ತಿದ್ದೆವು. ದಪ್ಪ ತಂತಿ ಬರೀ ಗಾಜಿನ ಮೇಲಿದ್ದರೂ ಹೊಸ್ತಿಲು ದಾಟುತ್ತದೆ. ಸಣ್ಣ ತಂತಿ ದಾಟುವುದಿಲ್ಲ. ಅದರೊಳಗೆ ಬೆಳಕು ನಿಲ್ಲದೆ ಹೊರಗೆ ಚೆಲ್ಲಿಹೋಗುತ್ತದೆ. ಕೆಳಗೆ ಬೆಳ್ಳಿ ಹಾಸಿದರೆ ಚೆಲ್ಲುವ ಬೆಳಕನ್ನು ಅದು ಹಿಡಿದಿಡುತ್ತದೆಯೇ ಎಂಬುದು ಪ್ರೊಫೆಸರರ ಪ್ರಶ್ನೆ. ಲೋಹಕ್ಕೆ ಎರಡು ಬುದ್ಧಿ. ಬೆಳಕನ್ನು ಹಿಡಿಯುತ್ತದೆ, ಹಾಗೇ ತಿಂದು ಶಾಖ ಮಾಡಿಬಿಡುತ್ತದೆ. ಇದರಲ್ಲಿ ಗೆಲ್ಲುವುದು ಯಾವುದು, ತಂತಿಗೂ ಲೋಹಕ್ಕೂ ನಡುವೆ ತೆಳುವಾದ ಲೇಪವೊಂದನ್ನು ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಾವು ಕಂಡುಹಿಡಿಯಬೇಕಿತ್ತು.

ತಂತಿ ಬೆಳೆಸುವುದು ಮೇಷ್ಟ್ರ ಪಾಲು. ಲೋಹ, ಲೇಪ, ಬೆಳಕಿನ ಅಳತೆ ನನ್ನ ಪಾಲು.

ಮೇಷ್ಟ್ರು ಹುಳಿಯಾರಿನ ಕಡೆಯವರು. ಅವರ ಹಿರಿಯರು ಕುರಿ ಕಾದವರು. ಆ ಮನೆಯಿಂದ ಕಾಲೇಜು ಹತ್ತಿದ ಮೊದಲಿಗರು ಇವರೇ. ಎತ್ತರದ ಆಳು, ದೊಡ್ಡ ದನಿ. ಆದರೆ ಕುಲುಮೆಯ ಮುಂದೆ ಕೂತರೆ ಮಗು ಮಲಗಿಸಿದ ಮನೆಯಲ್ಲಿ ಓಡಾಡಿದ ಹಾಗೆ ಓಡಾಡುತ್ತಿದ್ದರು. ಕ್ವಾರ್ಟ್ಸ್ ಕೊಳವೆಯೊಳಗೆ ಸತುವಿನ ಆಕ್ಸೈಡಿನ ಪುಡಿ ಮತ್ತು ಇದ್ದಿಲ ಪುಡಿ ಬೆರೆಸಿ ಇಟ್ಟು, ಕೆಂಪಗೆ ಕಾಯಿಸಿ, ಆರ್ಗಾನ್ ಅನಿಲವನ್ನು ಹರಿಯಬಿಡುವುದು. ಆಕ್ಸಿಜನ್ ಒಂದಿಷ್ಟು ಹೆಚ್ಚಾದರೆ ತಂತಿಯ ಬದಲು ಗಡ್ಡೆ, ಕಡಿಮೆಯಾದರೆ ಏನೂ ಇಲ್ಲ. ನಡುವೆ ಕರೆಂಟು ಹೋದರೆ ಎಲ್ಲ ಮೊದಲಿಂದ. ಎಲ್ಲವೂ ಕೂಡಿಬಂದ ದಿನ ಸಿಲಿಕಾನ್ ಬಿಲ್ಲೆಯ ಮೇಲೆ ಹತ್ತಿಯ ಎಳೆಯಂಥ ಬಿಳಿ ತುಪ್ಪಳ ಎದ್ದಿರುತ್ತಿತ್ತು. ಅದನ್ನು ಇಕ್ಕಳದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ತೋರಿಸುತ್ತಾ, "ನೋಡ್ರಿ ಮೇಡಂ, ಕುರಿಮರಿ ಉಣ್ಣೆ ಇದ್ದಂಗದೆ" ಎನ್ನುತ್ತಿದ್ದರು. ಅಷ್ಟು ಚೆಂದದ ತಂತಿಗಳನ್ನು ಆಮೇಲೆ ನಾನು ಬೇರೆಲ್ಲೂ ಕಾಣಲಿಲ್ಲ.

ಆ ಸೋಮವಾರ ಡಬ್ಬಿಯನ್ನು ಅವರ ಮುಂದಿಟ್ಟೆ. ಸ್ಲೈಡು ನೋಡಿದರು. ಕಿಟಕಿಯ ಬಳಿ ಹೋಗಿ ಗಾಳಿ ಮೂಸಿದರು.

"ಮನೇಲಿ ಬೆಳ್ಳಿ ದೀಪ ಕಪ್ಪಾಗಲ್ವಾ ಮೇಡಂ? ಇದೂ ಅದೇ ಕಣ್ರೀ. ಗಂಧಕ."

ಗೋಡೆಯಾಚೆ ಕೊಬ್ಬರಿ ಗೋದಾಮು. ಮಳೆ ಹಿಡಿದ ದಿನಗಳಲ್ಲಿ ಅಲ್ಲಿ ಮಾಲಿಗೆ ಗಂಧಕದ ಹೊಗೆ ಕೊಡುತ್ತಾರೆಂದು ನಮಗೆ ಗೊತ್ತಿತ್ತು. ಆ ವಾಸನೆಗೆ ಮೂಗು ಒಗ್ಗಿ ಹೋಗಿದ್ದರಿಂದ ಅದು ನಮ್ಮ ಕೋಣೆಗೂ ಬರುತ್ತದೆಂಬುದೇ ತಲೆಗೆ ಹೊಳೆದಿರಲಿಲ್ಲ. ಇಬ್ಬರೂ ಗೋದಾಮಿನ ಯಜಮಾನರ ಹತ್ತಿರ ಹೋದೆವು. ಅವರು ಎದ್ದು ನಿಂತು ಕುರ್ಚಿ ಹಾಕಿಸಿದರು. ಸಾವಧಾನವಾಗಿ ಕೇಳಿಸಿಕೊಂಡರು.

"ಮಳೆಗಾಲ ಕಣ್ರೀ ಮೇಡಂ. ಬೂಷ್ಟು ಹಿಡಿದ ಕೊಬ್ಬರಿನ ಹರಾಜಲ್ಲಿ ಯಾರ್ ಮುಟ್ತಾರೆ? ಹೊಗೆ ಕೊಡ್ದೆ ಇದ್ರೆ ಮಾಲೆಲ್ಲ ತಿಪ್ಪೆಗೆ ಹೋಯ್ತದೆ."

"ಗಾಳಿ ನಮ್ ಕಡೆ ಬೀಸೋ ದಿನ ಬಿಟ್ಟು ಬೇರೆ ದಿನ ಕೊಟ್ರೆ ಸಾಕು ಯಜಮಾನ್ರೆ" ಎಂದೆ.

"ಗಾಳಿ ಕೇಳ್ಕಂಡು ಬೂಷ್ಟು ಬತ್ತದಾ? ಅಲ್ಲ, ಆ ರೂಮಲ್ಲಿ ನೀವು ಏನ್ ಮಾಡೋದು?"

ಮೇಷ್ಟ್ರು ಹೇಳಿದರು: "ಕೂದ್ಲಿಗಿಂತ ಸಣ್ಣ ತಂತಿಯಿಂದ ಲೇಸರ್ ತೆಗೀತೀವಿ."

"ತೆಗ್ದು?"

ಕಾಫಿ ಕುಡಿದು ವಾಪಸು ಬಂದೆವು. ಹೊಗೆ ನಿಲ್ಲಲಿಲ್ಲ. ಅವರ ಮೇಲೆ ನನಗೆ ಕೋಪವೂ ಇರಲಿಲ್ಲ.

ದಾರಿ ನಾವೇ ಹುಡುಕಬೇಕಾಯಿತು. ಅಲ್ಲಿಯವರೆಗೆ ನಾನು ಒಂದು ದಿನ ಬೆಳ್ಳಿ ಲೇಪಿಸಿ, ಹೊರತೆಗೆದು, ಇನ್ನೊಂದು ದಿನ ಅದರ ಮೇಲೆ ಮೆಗ್ನೀಸಿಯಂ ಫ್ಲೋರೈಡಿನ ತೆಳುವಾದ ಲೇಪ ಕೊಡುತ್ತಿದ್ದೆ. ನಡುವೆ ಬೆಳ್ಳಿ ಗಾಳಿ ಕಾಣುತ್ತಿತ್ತು. ಎರಡನ್ನೂ ಒಂದೇ ಸಲಕ್ಕೆ, ನಿರ್ವಾತ ಮುರಿಯದೆ ಮಾಡಿದರೆ ಬೆಳ್ಳಿ ಗಾಳಿಯನ್ನು ನೋಡುವ ಮೊದಲೇ ಮೈ ಮುಚ್ಚಿಕೊಂಡಿರುತ್ತದೆ. ಯಂತ್ರದ ಮೇಲೆ ಕವುಚಿದ ಗಂಟೆಯಾಕಾರದ ಗಾಜಿನೊಳಗೆ ಕರೆಂಟು ಹಾಯಿಸುವ ಗಿಡ್ಡ ಕಂಬಗಳು ಒಂದೇ ಜೋಡಿ ಇದ್ದವು. ತಿಪಟೂರಿನ ಲೇತ್ ಅಂಗಡಿಯಲ್ಲಿ ತಾಮ್ರದ ಇನ್ನೊಂದು ಜೋಡಿ ಮಾಡಿಸಿದೆವು. ಒಂದರ ಮೇಲಿನ ಟಂಗ್‌ಸ್ಟನ್ ಬಟ್ಟಲಲ್ಲಿ ಬೆಳ್ಳಿಯ ಚೂರು, ಇನ್ನೊಂದರಲ್ಲಿ ಫ್ಲೋರೈಡಿನ ಹರಳು. ಪಂಪು ಮಧ್ಯಾಹ್ನದವರೆಗೆ ಗಾಳಿ ಎಳೆಯುತ್ತಿತ್ತು. ಒತ್ತಡ ಮಾಪಕದ ಮುಳ್ಳು ಇಳಿದು ನಿಂತ ಮೇಲೆ ಮೊದಲ ಬಟ್ಟಲಿಗೆ ಕರೆಂಟು. ಬೆಳ್ಳಿ ಕರಗಿ, ಮುದುಡಿ ಮುತ್ತಾಗಿ, ಆವಿಯಾಗಿ ಮೇಲಿಟ್ಟ ಸ್ಲೈಡಿಗೆ ಹತ್ತುತ್ತಿತ್ತು. ಆಮೇಲೆ ಎರಡನೆಯ ಬಟ್ಟಲು. ಮಧ್ಯೆ ಕರೆಂಟು ಹೋದರೆ ಪಂಪಿನ ಎಣ್ಣೆ ಹಿಂದಕ್ಕೆ ನುಗ್ಗಿ ಗಂಟೆಯೊಳಗೆಲ್ಲ ಜಿಡ್ಡಾಗುತ್ತಿತ್ತು. ಅದನ್ನು ಉಜ್ಜಿ ತೊಳೆಯಲು ಒಂದು ವಾರ. ಹಾಗೆ ಎಷ್ಟು ವಾರ ಹೋದವೋ.

ಕೊನೆಗೆ ಗಂಧಕದ ಹೊಗೆಯಲ್ಲೂ ಬೆಳ್ಳಿ ಬೆಳ್ಳಿಯಾಗಿಯೇ ಉಳಿಯಿತು. ಸ್ಲೈಡನ್ನು ಬೇಕೆಂದೇ ಕಿಟಕಿಯ ಕಟ್ಟೆಯ ಮೇಲಿಟ್ಟು ಹೋಗಿ, ಬೆಳಿಗ್ಗೆ ಬಂದು ನೋಡಿದಾಗ ಅದರಲ್ಲಿ ನನ್ನ ಮುಖ ಕಂಡಿತು. ಮೇಷ್ಟ್ರು ತಮ್ಮ ತುಪ್ಪಳವನ್ನು ಸ್ಪಿರಿಟ್ಟಿನಲ್ಲಿ ಅಲುಗಾಡಿಸಿ, ಆ ಹನಿಯನ್ನು ಬೆಳ್ಳಿಯ ಮೇಲೆ ಬಿಟ್ಟರು. ಸ್ಪಿರಿಟ್ಟು ಆರಿದ ಮೇಲೆ ತಂತಿಗಳು ಅಲ್ಲಲ್ಲಿ ಒಂಟಿಯಾಗಿ ಮಲಗಿದ್ದವು.

ಬೆಂಗಳೂರಿನ ಪ್ರಯೋಗಾಲಯದಲ್ಲಿ ಆ ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಒಂದೊಂದೇ ತಂತಿಗೆ ಬೆಳಕಿನ ಪೆಟ್ಟು ಕೊಡುತ್ತಾ ಹೋದೆ. ಹೆಚ್ಚಿನವು ಮಂಕಾಗಿಯೇ ಉಳಿದವು. ಮಧ್ಯಾಹ್ನದ ಹೊತ್ತಿಗೆ ಒಂದು ತಂತಿಯ ಎರಡೂ ತುದಿಗಳು ಚುಕ್ಕಿಯಂತೆ ಹೊತ್ತಿಕೊಂಡವು. ಸ್ಪೆಕ್ಟ್ರೋಮೀಟರಿನ ಪರದೆಯಲ್ಲಿ ಅಗಲವಾದ ದಿಬ್ಬದ ನೆತ್ತಿಯಿಂದ ಸೂಜಿಯಂಥ ಗೆರೆಗಳು ಎದ್ದವು. ಲೇಸರ್. ಸಂಜೆಯೊಳಗೆ ಅಂಥವು ಇನ್ನೂ ಕೆಲವು ಸಿಕ್ಕವು. ಮೇಷ್ಟ್ರು ಆ ಸಲ ಬೆಳೆಸಿದ್ದು ಸಣ್ಣ ತಂತಿಗಳ ಗುಂಪು. ಗಾಜಿನ ಮೇಲೆ ಲೇಸರ್ ಆಗಬಾರದ ಸಣ್ಣ ತಂತಿ ಬೆಳ್ಳಿಯ ಮೇಲೆ ಆಗಿದೆ!

ಪ್ರೊಫೆಸರು ಬಂದು ಪರದೆ ನೋಡಿದರು. ಕುರ್ಚಿ ಎಳೆದುಕೊಂಡು ಕೂತು, "ಇನ್ನೊಂದು ಸಲ ತೋರಿಸಮ್ಮ" ಎಂದರು. ಇನ್ನೊಂದು ಸಲ ತೋರಿಸಿದೆ. ಅಷ್ಟು ವರ್ಷಗಳಲ್ಲಿ ಅವರು ನಮಗೆ ತಮ್ಮ ಕೈಯಾರೆ ಚಹಾ ತಂದುಕೊಟ್ಟಿದ್ದು ಅದೊಂದೇ ದಿನ. ಮರುವಾರವೇ ಪ್ರಬಂಧದ ಕರಡು ಶುರು ಮಾಡಿದರು.

ನಮ್ಮಿಬ್ಬರಲ್ಲಿ ಅದರ ಅಗತ್ಯ ಹೆಚ್ಚಿದ್ದುದು ಮೇಷ್ಟ್ರಿಗೆ. ನನ್ನದು ಕಾಯಂ ಹುದ್ದೆ. ಅವರದು ವರ್ಷಕ್ಕೊಮ್ಮೆ ಮುಂದುವರಿಸಿಕೊಳ್ಳಬೇಕಾದ ತಾತ್ಕಾಲಿಕ ಕೆಲಸ. ಅವರ ಪಿಎಚ್.ಡಿ. ನೋಂದಣಿಯ ಅವಧಿಯೂ ಮುಗಿಯುತ್ತಾ ಬಂದಿತ್ತು. ಒಂದು ಪ್ರಬಂಧ ಅಚ್ಚಾಗದೆ ಥೀಸಿಸ್ ಸಲ್ಲಿಸುವಂತಿರಲಿಲ್ಲ. ಆ ದಿನಗಳಲ್ಲಿ ಅವರು ಕಾರಿಡಾರಿನಲ್ಲಿ ಹೋಗುತ್ತಿದ್ದರೆ ಯಾವುದೋ ಹಳೆಯ ಹಾಡು ಗುನುಗುವುದು ನನ್ನ ತರಗತಿಯವರೆಗೂ ಕೇಳಿಸುತ್ತಿತ್ತು.

ಪ್ರಬಂಧಕ್ಕೆ ತಂತಿಗಳ ಒಳ್ಳೆಯ ಚಿತ್ರ ಬೇಕೆಂದು ಪ್ರೊಫೆಸರು ಹೇಳಿಕಳಿಸಿದರು. ನಮ್ಮ ವಿಭಾಗದ ಸೂಕ್ಷ್ಮದರ್ಶಕ ಕೆಟ್ಟಿತ್ತು. ಸಸ್ಯಶಾಸ್ತ್ರದವರದನ್ನು ಕೇಳಿಕೊಂಡೆ. ಅವರು ಎಲೆಯ ಸೀಳು ನೋಡುವವರು. ಅವರ ಯಂತ್ರದಲ್ಲಿ ದೀಪ ಕೆಳಗಿರುತ್ತದೆ. ನನ್ನದು ಬೆಳ್ಳಿಯ ಸ್ಲೈಡು, ಕೆಳಗಿನ ಬೆಳಕು ಅದನ್ನು ದಾಟಿ ಬರುವಂತಿಲ್ಲ. ಹಾಗಾಗಿ ಮೇಲಿನಿಂದ ಬೀಳಿಸಲು ಟಾರ್ಚು ತಂದಿದ್ದೆ. ಸ್ಲೈಡು ಇಟ್ಟು ಕಣ್ಣು ಹಚ್ಚಿದೆ. ಕೆಳಗಿನ ದೀಪ ಯಾರೋ ಹಚ್ಚಿಟ್ಟ ಹಾಗೇ ಇತ್ತು. ಕಾಣಬೇಕಾಗಿದ್ದುದು ಕಗ್ಗತ್ತಲೆ.

ಕಂಡದ್ದು ಕತ್ತಲೆಯ ನಡುವೆ ಅಲ್ಲಲ್ಲಿ ಹರಿದ ಬೆಳಕಿನ ತೇಪೆಗಳು. ಸುಣ್ಣ ಉಬ್ಬಿ ಕಿತ್ತ ಗೋಡೆಯ ಹಾಗೆ ಬೆಳ್ಳಿ ಗುಳ್ಳೆಯೆದ್ದು ಉದುರಿತ್ತು. ಅಂಥ ಒಂದು ತೇಪೆಯ ಮೇಲೆ ಅಡ್ಡಲಾಗಿ ಒಂದು ತಂತಿ ಮಲಗಿತ್ತು. ಗುರುತಿಗೆಂದು ಸ್ಲೈಡಿನ ಮೇಲೆ ನಾನು ಗೀರಿದ್ದ ಗೆರೆಗಳನ್ನು ಹಿಡಿದು ಲೆಕ್ಕ ಹಾಕಿದೆ. ಬೆಂಗಳೂರಿನಲ್ಲಿ ಮೊದಲು ಹೊತ್ತಿಕೊಂಡ ತಂತಿ ಅದೇ.

ಎರಡನೆಯದನ್ನು ಹುಡುಕಿದೆ. ಅದರ ಕೆಳಗೂ ಬೆಳಕು. ಮೂರನೆಯದರ ಕೆಳಗೂ. ಆಮೇಲೆ ಹೊತ್ತಿಕೊಳ್ಳದ ತಂತಿಗಳನ್ನು ನೋಡಿದೆ. ಅವೆಲ್ಲ ಗಟ್ಟಿಯಾದ ಕತ್ತಲೆಯ ಮೇಲಿದ್ದವು.

ಸಸ್ಯಶಾಸ್ತ್ರದ ಹುಡುಗಿಯರು ಪಕ್ಕದ ಮೇಜಿನಲ್ಲಿ ಯಾವುದೋ ಬೇರು ಕತ್ತರಿಸುತ್ತಾ ಕಿಸಕ್ಕೆಂದು ನಗುತ್ತಿದ್ದರು. ನಾನು ಮತ್ತೆ ಮೊದಲ ತಂತಿಯಿಂದ ಎಣಿಸಿದೆ.

ಕಾರಣ ಕಷ್ಟದ್ದೇನಲ್ಲ. ಬೆಳ್ಳಿ ಗಾಜಿಗೆ ಮೊದಲೇ ಸರಿಯಾಗಿ ಅಂಟುವುದಿಲ್ಲ. ಫ್ಲೋರೈಡಿನ ಲೇಪ ಬಿಗಿದುಕೊಳ್ಳುವ ಸ್ವಭಾವದ್ದು. ಸ್ಪಿರಿಟ್ಟಿನ ಹನಿ ಬಿದ್ದು ಆರುವಾಗ ಅದು ಕೆಳಗಿನ ಬೆಳ್ಳಿಯನ್ನೇ ಗಾಜಿನಿಂದ ಎಬ್ಬಿಸಿತ್ತು. ಗಂಧಕದಿಂದ ಬೆಳ್ಳಿಯನ್ನು ಕಾಪಾಡಿದ ಲೇಪವೇ ಅದನ್ನು ಕಿತ್ತಿತ್ತು. ಇನ್ನು ತಂತಿಗಳು. ಸಣ್ಣ ತಂತಿಗಳ ಗುಂಪಿನಲ್ಲೂ ಕೆಲವು ದಪ್ಪ ತಂತಿಗಳು ಇದ್ದೇ ಇರುತ್ತವೆ. ನಾವು ಗುಂಪಿನ ಸರಾಸರಿ ದಪ್ಪವನ್ನು ಅಳೆದಿದ್ದೆವೇ ಹೊರತು ಹೊತ್ತಿಕೊಂಡ ಒಂದೊಂದನ್ನೂ ಅಳೆದಿರಲಿಲ್ಲ. ಬೆಳ್ಳಿ ಇಲ್ಲದ ಕಡೆ ಬಿದ್ದ ದಪ್ಪ ತಂತಿಗಳು, ದಪ್ಪ ತಂತಿಗಳು ಗಾಜಿನ ಮೇಲೆ ಯಾವಾಗಲೂ ಮಾಡುವುದನ್ನೇ ಮಾಡಿದ್ದವು. ನಾವು ಏನನ್ನೂ ಕಂಡುಹಿಡಿದಿರಲಿಲ್ಲ.

ಮೇಷ್ಟ್ರನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. ಸ್ಲೈಡನ್ನು ತಾವೇ ಸರಿಸುತ್ತಾ ಒಂದೊಂದನ್ನೂ ನೋಡಿದರು.

"ಆ ದೀಪ ಆರ್ಸಿ ಮೇಡಂ" ಎಂದರು ಕೊನೆಗೆ.

ಆರಿಸಿದೆ.

"ಈಗ ಏನ್ ಮಾಡನ ಅಂತೀರಿ?"

"ಪ್ರೊಫೆಸರಿಗೆ ಹೇಳೋಣ. ಬೆಳ್ಳಿ ಕೀಳದ ಹಾಗೆ ಮಾಡಿ ಇನ್ನೊಂದು ಸಲ ಅಳೆಯೋಣ. ಆಗ್ಲೂ ಲೇಸರ್ ಆದ್ರೆ ಪ್ರಬಂಧ ಇನ್ನೂ ಗಟ್ಟಿಯಾಗುತ್ತೆ."

"ಆಗ್ದೇ ಇದ್ರೆ?"

ಅವರು ಸ್ಲೈಡನ್ನು ಜೋಪಾನವಾಗಿ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು. "ಆಯ್ತು ಬುಡಿ. ಅಳ್ದೇ ಬುಡನ" ಎಂದರು. ಆ ಮಾತಿಗೆ ಅವರಿಗೆ ಎಷ್ಟು ಧೈರ್ಯ ಬೇಕಾಗಿತ್ತೆಂದು ಆಗ ನಾನು ಯೋಚಿಸಲಿಲ್ಲ.

ಪ್ರೊಫೆಸರು ಸಿಡುಕಲಿಲ್ಲ. ಕೆಳಗಿನ ದೀಪದಲ್ಲಿ ನಾನು ತೆಗೆದ ಚಿತ್ರಗಳನ್ನು ತಿರುವಿ ನೋಡಿ, "ತೂತಿನ ಅಂಚಿನಲ್ಲಿ ಲೋಹ ಇದ್ದೇ ಇದೆಯಲ್ಲಮ್ಮ. ಅಂಚಿನಿಂದಲೂ ಪರಿಣಾಮ ಆಗಬಹುದು" ಎಂದರು. ತಪ್ಪೆಂದು ತಳ್ಳಿಹಾಕುವ ಮಾತೇನೂ ಅಲ್ಲ ಅದು. ಹಾಗಾದರೆ ಪರೀಕ್ಷಿಸೋಣ ಎಂದೆ. ಒಪ್ಪಿದರು, ಆದರೆ ಕರಡು ನಿಲ್ಲಿಸಲಿಲ್ಲ.

ಈ ಸಲ ಗಾಜಿನ ಮೇಲೆ ಮೊದಲು ಕ್ರೋಮಿಯಂನ ತೀರಾ ತೆಳುವಾದ ಪದರ ಕೊಟ್ಟೆ. ಅದು ಅಂಟಿನ ಕೆಲಸ ಮಾಡುತ್ತದೆ. ಅದರ ಮೇಲೆ ಬೆಳ್ಳಿ, ಅದರ ಮೇಲೆ ಫ್ಲೋರೈಡು. ಲೇಪದ ದಪ್ಪವನ್ನು ಒಂದೊಂದು ಸ್ಲೈಡಿಗೂ ಬದಲಾಯಿಸಿದೆ. ಪ್ರತಿಯೊಂದನ್ನೂ ಕೆಳಗಿನ ದೀಪದ ಮೇಲಿಟ್ಟು, ಒಂದು ಚುಕ್ಕಿ ಬೆಳಕು ಬಂದರೂ ಎತ್ತಿ ಪಕ್ಕಕ್ಕಿಟ್ಟೆ. ಮೇಷ್ಟ್ರು ತಮ್ಮ ಅತ್ಯುತ್ತಮ ತಂತಿಗಳನ್ನು ಬೆಳೆಸಿಕೊಟ್ಟರು. ಅವರು ಕೈ ತಡೆದಿದ್ದರೆ, ಒಂದು ಗುಂಪನ್ನು ಹಾಳುಮಾಡಿದ್ದರೆ ನನಗೆ ತಿಳಿಯುತ್ತಲೂ ಇರಲಿಲ್ಲ. ಹಾಗೆ ಮಾಡಲಿಲ್ಲ.

ಬೆಂಗಳೂರಿನಲ್ಲಿ ಇಬ್ಬರೂ ಕೂತು ಅಳೆದೆವು. ಗಟ್ಟಿ ಬೆಳ್ಳಿಯ ಮೇಲೆ ಒಂದು ಸಣ್ಣ ತಂತಿಯೂ ಹೊತ್ತಿಕೊಳ್ಳಲಿಲ್ಲ. ಲೇಪ ತೆಳುವಾದಷ್ಟೂ ಇನ್ನೂ ಮಂಕು. ಲೇಪವೇ ಇಲ್ಲದ ಬೆಳ್ಳಿಯ ಮೇಲೆ ಪೂರ್ತಿ ಕತ್ತಲೆ. ಪೆಟ್ಟು ಜೋರು ಮಾಡಿದರೆ ತಂತಿ ಲೇಸರ್ ಆಗುವ ಬದಲು ಸುಟ್ಟು ಹೋಗುತ್ತಿತ್ತು. ದಪ್ಪ ತಂತಿಗಳು ಹೊತ್ತಿಕೊಂಡವು, ಆದರೆ ಬರೀ ಗಾಜಿನ ಮೇಲಿಗಿಂತ ಎಷ್ಟೋ ಹೆಚ್ಚಿನ ಪೆಟ್ಟು ಬೇಡಿದವು. ಸತುವಿನ ಆಕ್ಸೈಡು ಬೆಳಗುವ ಆ ನೇರಳೆಯಂಚಿನ ಬಣ್ಣದಲ್ಲಿ ನಾವು ಮಾಡಿದ ಬೆಳ್ಳಿ ಬೆಳಕನ್ನು ಹಿಡಿದಿಡುವುದಕ್ಕಿಂತ ತಿನ್ನುವುದೇ ಹೆಚ್ಚು. ಕೊನೆಯದಾಗಿ, ಹಳೆಯ ಸ್ಲೈಡಿನ ತೂತುಗಳ ಮೇಲಿದ್ದ ತಂತಿಗಳ ಹೊಸ್ತಿಲನ್ನು ಬರೀ ಗಾಜಿನ ಮೇಲಿನ ದಪ್ಪ ತಂತಿಗಳ ಜೊತೆ ಹೋಲಿಸಿದೆ. ಎರಡೂ ಒಂದೇ. ಅಂಚಿನ ಲೋಹ ಏನೂ ಮಾಡಿರಲಿಲ್ಲ.

ಇದನ್ನೇ ಬರೆಯೋಣ ಎಂದೆ ನಾನು. ಬೆಳ್ಳಿ ಎಷ್ಟು ತಿನ್ನುತ್ತದೆ, ಯಾವ ಲೇಪಕ್ಕೆ ಎಷ್ಟು ಎಂಬುದು ನಮ್ಮಲ್ಲಿತ್ತು. ಅದು ಕೆಲಸಕ್ಕೆ ಬರುವ ತಿಳಿವಳಿಕೆ.

ಪ್ರೊಫೆಸರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆಗಲಿಲ್ಲ ಅಂತ ಬರೆದದ್ದನ್ನ ಯಾರು ಅಚ್ಚು ಹಾಕ್ತಾರಮ್ಮ? ನಿನ್ನ ಕ್ರೋಮಿಯಂ ಬೆಳ್ಳಿಯನ್ನ ಒರಟು ಮಾಡಿರಬಹುದು. ಹಾಗಾಗಿಯೇ ಬೆಳಕು ತಿಂದಿರಬಹುದು. ಯಾವ ಸ್ಲೈಡು ಸುಳ್ಳು, ಯಾವುದು ನಿಜ ಅಂತ ನೀನು ಹೇಗೆ ಹೇಳ್ತೀಯ?"

"ಕೆಳಗೆ ಬೆಳ್ಳಿಯೇ ಇಲ್ಲದ ಸ್ಲೈಡನ್ನ ಬೆಳ್ಳಿಯ ಸ್ಲೈಡು ಅಂತ ಕರೆಯಕ್ಕೆ ಆಗಲ್ಲ ಸಾರ್."

"ಬೆಳ್ಳಿ ಇದೆ. ಪೂರ್ತಿ ಇಲ್ಲ, ಅಷ್ಟೇ" ಎಂದರು. ಆಮೇಲೆ ಮೇಷ್ಟ್ರ ಕಡೆ ತಿರುಗಿ, "ನಿಮ್ಮ ಅವಧಿ ಯಾವಾಗ ಮುಗಿಯುತ್ತೆ?" ಎಂದು ಕೇಳಿದರು. ನನ್ನೆದುರಿಗೇ ಕೇಳಿದರು. ಉತ್ತರ ಅವರಿಗೆ ಗೊತ್ತಿತ್ತು.

ವಾಪಸು ಬರುವ ರೈಲು ತುಮಕೂರು ದಾಟಿತು. ಕಿಟಕಿಯಾಚೆ ತೆಂಗಿನ ತೋಟಗಳು ಶುರುವಾದಾಗ ಮೇಷ್ಟ್ರು ಹೇಳಿದರು: "ಆ ಪ್ರಬಂಧಕ್ಕೆ ನಾನು ಸೈನ್ ಹಾಕ್ತೀನಿ ಮೇಡಂ."

"ತಪ್ಪು ಅಂತ ಗೊತ್ತಿದ್ದೂ?"

"ಗೊತ್ತಿದ್ದೂ. ನಿಮ್ ಕೆಲ್ಸ ಪರ್ಮನೆಂಟು. ನಾನ್ ವರ್ಷ ವರ್ಷ ಆಫೀಸ್ ಬಾಗ್ಲಲ್ಲಿ ಕೈ ಕಟ್ಕಂಡು ನಿಂತ್ಕಬೇಕು. ಈ ಸಲ ಥೀಸಿಸ್ ಕೊಡ್ದೆ ಹೋದ್ರೆ ಇಷ್ಟು ವರ್ಷದ ಗೇಮೆ ಎಲ್ಲ ನೀರ್ ಪಾಲು."

"ನಾವಿಬ್ರೂ ಒಟ್ಟಿಗೆ ಬೇಡ ಅಂದ್ರೆ ಪ್ರೊಫೆಸರು..."

"ನಮ್ಮನ್ನ ಬುಟ್ಟು ಇನ್ನಿಬ್ರನ್ನ ಹುಡುಕ್ಕತಾರೆ." ಅವರು ನನ್ನ ಮುಖ ನೋಡಿದರು. "ಇನ್ನೊಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬೇಡಿ. ನನ್ ತಂತಿ ಸುಳ್ಳಲ್ಲ. ನಾನು ಬೆಳೆಸಿದ್ದೆಲ್ಲ ನಿಜವಾದ ತಂತಿನೇ. ಕಿತ್ಕಂಡ್ ಬಂದಿದ್ದು ಬೆಳ್ಳಿ. ಬೆಳ್ಳಿ ನಿಮ್ದು."

ಅದು ನಿಜ. ಅದಕ್ಕೇ ಅಷ್ಟು ಚುಚ್ಚಿತು. ತಿಪಟೂರಿನಲ್ಲಿ ಇಳಿದು, ಅವರು ಹುಳಿಯಾರಿನ ಬಸ್ಸಿನ ಕಡೆ ಹೋದರು. ನಾನು ಮನೆಗೆ ನಡೆದೆ. ಅಲ್ಲಿಯವರೆಗೆ ಯಾವತ್ತೂ ನಾವು 'ಬತ್ತೀನಿ' ಎಂದು ಹೇಳಿಕೊಳ್ಳದೆ ಅಗಲಿದವರಲ್ಲ.

ಪ್ರಬಂಧದಿಂದ ನನ್ನ ಹೆಸರು ತೆಗೆಯಿರಿ ಎಂದು ಪ್ರೊಫೆಸರಿಗೆ ತಿಳಿಸಿದೆ. ತೆಗೆದರು, ತಡಮಾಡದೆ. ಪ್ರಬಂಧ ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಚಿತ್ರಗಳು ನಾನು ತೆಗೆದವು, ಮೇಲಿನಿಂದ ಬೆಳಕು ಬಿಟ್ಟು ತೆಗೆದವು; ತೂತುಗಳು ಅವುಗಳಲ್ಲಿ ಕಾಣುತ್ತಿರಲಿಲ್ಲ. ಅಚ್ಚಾದ ಮೇಲೆ ಪತ್ರಿಕೆಗೂ ಬರೆದೆ, ಕೆಳಗಿನ ದೀಪದ ಚಿತ್ರಗಳನ್ನು ಲಗತ್ತಿಸಿದೆ. ಪತ್ರಿಕೆಯವರು ಅದನ್ನು ಪ್ರೊಫೆಸರಿಗೇ ಕಳಿಸಿ ಸಮಜಾಯಿಷಿ ಕೇಳಿದರಂತೆ. ಪ್ರೊಫೆಸರು ಕೊಟ್ಟರಂತೆ. ವಿಷಯ ಅಲ್ಲಿಗೆ ಮುಗಿದಿದೆ ಎಂಬ ಎರಡು ಸಾಲಿನ ಉತ್ತರ ನನಗೆ ಬಂತು.

ಮೇಷ್ಟ್ರಿಗೆ ಡಾಕ್ಟರೇಟು ಸಿಕ್ಕಿತು. ವರ್ಷದೊಳಗೆ ಬೇರೊಂದು ಊರಿನ ವಿಶ್ವವಿದ್ಯಾಲಯದಲ್ಲಿ ಕಾಯಂ ಕೆಲಸವೂ ಸಿಕ್ಕಿತು. ಬೀಳ್ಕೊಡುಗೆಯ ದಿನ ಸ್ಟಾಫ್ ರೂಮಿನಲ್ಲಿ ಅವರಿಗೆ ಹಾರ, ಎಲ್ಲರಿಗೂ ಮೈಸೂರು ಪಾಕು. ಅವರು ನನ್ನ ಮುಂದೆ ಬಂದು ಕೈ ಮುಗಿದರು. ನಾನೂ ಮುಗಿದೆ. ಪ್ರೊಫೆಸರು ಲೇಪನ ಯಂತ್ರವನ್ನು ವಾಪಸು ತರಿಸಿಕೊಂಡರು. ನನ್ನ ನೋಂದಣಿ ತಾನಾಗಿ ರದ್ದಾಯಿತು. ಹೊಸ ಮಾರ್ಗದರ್ಶಕರನ್ನು ಹುಡುಕಿದೆ. ಒಬ್ಬರು ಫೋನಿನಲ್ಲಿ ನಯವಾಗಿಯೇ ಕೇಳಿದರು, "ಗೈಡ್ ಮೇಲೆ ಕಂಪ್ಲೇಂಟ್ ಕೊಟ್ಟಿದ್ದು ನೀವೇ ಅಲ್ವಾ ಮೇಡಂ?" ಆಮೇಲೆ ಹುಡುಕುವುದನ್ನು ಬಿಟ್ಟೆ.

ಸರಿಯಾದದ್ದನ್ನು ಮಾಡಿದ ಸಮಾಧಾನ ಇರುತ್ತದೆಂದು ಜನ ಹೇಳುತ್ತಾರೆ. ನನಗೆ ಅಂಥದ್ದೇನೂ ಸಿಗಲಿಲ್ಲ. ವರ್ಷ ವರ್ಷ ಅದೇ ಲೋಲಕ, ಅದೇ ಪಟ್ಟಕ, ಅದೇ ಮಸೂರ. ನಾನು ತಪ್ಪೆಂದು ಯಾರೂ ತೋರಿಸಲಿಲ್ಲ, ಸರಿಯೆಂದು ಯಾರೂ ಕೇಳಲಿಲ್ಲ.

ಕೆಲವು ವರ್ಷಗಳ ಮೇಲೆ, ಹಾಸನದಲ್ಲಿ ನಡೆದ ಅಧ್ಯಾಪಕರ ತರಬೇತಿ ಶಿಬಿರದಲ್ಲಿ ಊಟದ ಹೊತ್ತಿಗೆ ಚಿಕ್ಕವಯಸ್ಸಿನ ಒಬ್ಬ ಉಪನ್ಯಾಸಕಿ ನನ್ನ ಪಕ್ಕ ಕೂತಳು. ಚಿಕ್ಕನಾಯಕನಹಳ್ಳಿಯ ಕಡೆಯವಳು, ಬೆಂಗಳೂರಿನಲ್ಲಿ ಬೇರೆ ಯಾರದೋ ಕೆಳಗೆ ಸಂಶೋಧನೆ. ಏನು ಕೆಲಸ ಎಂದು ಕೇಳಿದೆ.

"ಬೆಳ್ಳಿ ಮೇಲೆ ನ್ಯಾನೋತಂತಿ ಮೇಡಂ. ಲೇಸರ್. ಆಗ್ಲೇ ಒಂದು ಪೇಪರ್ ಐತೆ, ಅದನ್ನ ಇಟ್ಕಂಡು ಮುಂದುವರಿಸಬೇಕು. ಮೊದ್ಲು ಅದರಲ್ಲಿರೋದನ್ನ ನಾವೂ ಮಾಡಿ ತೋರಿಸ್ಬೇಕಲ್ಲ, ಅದೇ ಆಗ್ತಾ ಇಲ್ಲ. ಎರಡು ವರ್ಷ ಆಯ್ತು. ನಮ್ ಗೈಡು ನಿನ್ ಕೈಯಲ್ಲೇ ದೋಷ ಅಂತಾರೆ."

ಅವಳ ಬೆರಳುಗಳ ಮೇಲೆ ಆಮ್ಲದ ಕಂದು ಕಲೆಗಳಿದ್ದವು. ಊಟ ಬಿಟ್ಟು ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಗಂಧಕ, ಲೇಪ, ತೂತು, ದಪ್ಪ ತಂತಿ, ಎಲ್ಲ. ಅವಳು ಕೇಳಿಸಿಕೊಂಡು ಮರದ ಕಟ್ಟೆಯ ಮೇಲೆ ಕೂತುಬಿಟ್ಟಳು.

"ಇದನ್ನ ನಾನು ಹೋಗಿ ಹೇಳಿದ್ರೆ ನಮ್ ಗೈಡು ನಂಬಲ್ಲ ಮೇಡಂ. ಅಚ್ಚಾಗಿರೋದು ಅದು. ನೀವು ಹೇಳ್ತಿರೋದು ಬಾಯ್ಮಾತು."

ಅವಳಿಗಾಗಿ ಅವತ್ತು ಸಂಜೆ ಮೇಷ್ಟ್ರಿಗೆ ಫೋನು ಮಾಡಿದೆ. ಬೀಳ್ಕೊಡುಗೆಯ ಮೇಲೆ ಅದೇ ಮೊದಲ ಮಾತು. ದನಿ ಹಾಗೇ ಇತ್ತು, ದೊಡ್ಡದು. ಹುಡುಗಿಯ ವಿಷಯ ಹೇಳಿದೆ. ಅವಳ ಗೈಡಿಗೆ ಒಂದು ಮಾತು ಹೇಳಿ, ನೀವು ಹೇಳ್ದ್ರೆ ನಂಬ್ತಾರೆ ಎಂದೆ.

"ಆ ಹುಡುಗಿಗೆ ಹೇಳಿ ಮೇಡಂ, ಬೆಳ್ಳಿ ಬುಟ್ಟಾಕ್ಲಿ. ಅಲ್ಯೂಮಿನಿಯಂ ಹಾಕ್ಲಿ. ಆ ಬಣ್ಣಕ್ಕೆ ಅದೇ ಸರಿ, ಬೆಳ್ಳಿಯಷ್ಟು ತಿನ್ನಲ್ಲ. ಗಾಜಿಗೂ ಗಟ್ಟಿಯಾಗಿ ಅಂಟ್ಕತದೆ. ನಾನು ಆಮೇಲೆ ಕೂತು ಲೆಕ್ಕ ಹಾಕಿ ನೋಡಿದೀನಿ." ಆಮೇಲೆ ಸೇರಿಸಿದರು, "ನಾನ್ ಹೇಳ್ದೆ ಅಂತ ಮಾತ್ರ ಹೇಳ್ಬೇಡಿ."

ನಾನು ಹೇಳಲಿಲ್ಲ. ಅಲ್ಯೂಮಿನಿಯಂ ಮಾತನ್ನು ಅವಳಿಗೆ ದಾಟಿಸಿದೆ.

ವರ್ಷ ಕಳೆದ ಮೇಲೆ ಅವಳು ಫೋನು ಮಾಡಿ, ಅಳುತ್ತಾ ನಗುತ್ತಾ, ಆಯ್ತು ಮೇಡಂ, ಹೊತ್ಕೊಂತು ಎಂದಳು. ಅಲ್ಯೂಮಿನಿಯಂ ಮೇಲೆ, ತೆಳುವಾದ ಲೇಪದ ಮೇಲೆ, ನಿಜವಾದ ಸಣ್ಣ ತಂತಿ. ಕೆಳಗಿನ ದೀಪ ಇಟ್ಟು ನೋಡಿದ್ದಳು, ಪ್ರತಿ ತಂತಿಯ ದಪ್ಪ ಅಳೆದಿದ್ದಳು. ನನಗೆ ನಿಜಕ್ಕೂ ಸಂತೋಷವಾಯಿತು. ಪ್ರಬಂಧ ಅಚ್ಚಾದಾಗ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳಿಸಿದಳು. ಮೊದಲ ಪುಟದ ಮೂಲೆಯಲ್ಲಿ ಪೆನ್ಸಿಲಿನಿಂದ ಚಿಕ್ಕದಾಗಿ ಬರೆದಿದ್ದಳು: ಗೈಡು ಕೇಳಲಿಲ್ಲ, ಕ್ಷಮಿಸಿ ಮೇಡಂ.

ಏಕೆಂದು ಕೆಳಗೆ ಓದಿದಾಗ ತಿಳಿಯಿತು. ಪ್ರಬಂಧದ ಮೊದಲ ವಾಕ್ಯ ಇದು: ಲೋಹದ ಮೇಲಿನ ಸಣ್ಣ ನ್ಯಾನೋತಂತಿಯಿಂದ ಲೇಸರ್ ಪಡೆಯುವುದು ಸಾಧ್ಯವೆಂದು ಬೆಳ್ಳಿಯ ವಿಷಯದಲ್ಲಿ ಈಗಾಗಲೇ ತೋರಿಸಲಾಗಿದೆ.